ಕೂದಲಂಚಿನ ಮೊಡವೆಗೆ ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್: 2.5 ಸಾಕು, 5 ಬೇಡ

ಮೆಡಿಕಲ್‌ನಲ್ಲಿ ಈ ಜೆಲ್ ಕೇಳುವಾಗ ಟ್ಯೂಬಿನ ಮೇಲಿನ ಅಂಕಿ ನೋಡಿ. ಕೆಂಪು ಮೊಡವೆ ಇಳಿಸುವುದರಲ್ಲಿ 2.5 ಪರ್ಸೆಂಟಿಗೂ 5ಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಅಂಕಿ ಏರಿದಂತೆ ಉರಿ, ಸಿಪ್ಪೆ ಏಳುವುದು ಮಾತ್ರ ಜಾಸ್ತಿಯಾಗಬಹುದು.

ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು ಜೆಲ್ಲನ್ನು ಹಣೆಯ ಮೇಲ್ಭಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ಮೊಡವೆಗೊಂದು ಚುಕ್ಕೆ ಇಟ್ಟರೆ ನಾಳೆ ಏಳಲಿರುವುದನ್ನು ತಡೆಯುವುದಿಲ್ಲ. ಮೊದಲ ಎರಡು ವಾರ ದಿನ ಬಿಟ್ಟು ದಿನ, ರಾತ್ರಿ ಮಾತ್ರ. ಚರ್ಮ ಒಗ್ಗಿದ ಮೇಲೆ ದಿನಾ. ಫಲ ಕಾಣಲು 6ರಿಂದ 8 ವಾರ ಬೇಕು. ಹತ್ತೇ ದಿನಕ್ಕೆ ಬೈದು ಬಿಸಾಡುವವರೇ ಹೆಚ್ಚು.

ದೊಡ್ಡ ಕಿರಿಕಿರಿಯೆಂದರೆ ಬಣ್ಣ. ಟವೆಲ್, ದಿಂಬಿನ ಕವರ್, ತಲೆಗೆ ಕಟ್ಟುವ ಬಣ್ಣದ ವಸ್ತ್ರ ಯಾವುದಕ್ಕೆ ತಾಗಿದರೂ ಬಿಳಿ ಕಲೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ಮುಂಗುರುಳಿನ ಬಣ್ಣವೂ ಮಂಕಾಗುತ್ತದೆ. ಕೂದಲಿನಿಂದ ಅರ್ಧ ಬೆರಳಿನಷ್ಟು ಜಾಗ ಬಿಟ್ಟು ಹಚ್ಚಿ, ಬಿಳಿ ಕವರ್ ಹಾಕಿ ಮಲಗಿ.

ಆದರೆ ತಲೆಗೆ ಎಣ್ಣೆ ಹಚ್ಚುವುದನ್ನು ಬಿಡದೆ ಈ ಟ್ಯೂಬಿಗೆ ದುಡ್ಡು ಹಾಕುವುದು ದಂಡ. ಬುಡಕ್ಕೆ ತಿಕ್ಕಿದ ಕೊಬ್ಬರಿ ಎಣ್ಣೆ ರಾತ್ರಿಯಿಡೀ ಹಣೆಗಿಳಿದು ರಂಧ್ರ ಮುಚ್ಚುತ್ತದೆ. ಕೂದಲಂಚಿನಲ್ಲಿ ಒತ್ತೊತ್ತಾಗಿ ಏಳುವ ಚರ್ಮದ ಬಣ್ಣದ ಸಣ್ಣ ಗುಳ್ಳೆಗಳಿಗೆ ಬಹುಪಾಲು ಕಾರಣ ಇದೇ. ಎಣ್ಣೆ ಬೇಕೇ ಬೇಕೆಂದರೆ ಕೂದಲಿನ ತುದಿಗೆ ಹಚ್ಚಿ, ಎರಡು ಗಂಟೆಯಲ್ಲಿ ತೊಳೆಯಿರಿ. ಸ್ನಾನದಲ್ಲಿ ಮೊದಲು ಕೂದಲು, ಕಂಡಿಷನರ್, ಮುಖ ಕೊನೆಗೆ. ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ: ಒದ್ದೆ ಕೂದಲ ಮೇಲೆ ಹೆಲ್ಮೆಟ್, ಅದರ ಮೇಲೆ ರೈನ್‌ಕೋಟಿನ ಟೋಪಿ. ಹೆಲ್ಮೆಟ್ಟಿನ ಒಳಪಟ್ಟಿ ಬಿಚ್ಚುವಂತಿದ್ದರೆ ವಾರಕ್ಕೊಮ್ಮೆ ಒಗೆದು ಒಲೆಯ ಹತ್ತಿರ ಒಣಗಿಸಿ. ತೋಟದ ಕೆಲಸಕ್ಕೆ ಕಟ್ಟುವ ಬಟ್ಟೆ ದಿನಾ ಬೇರೆಯಿರಲಿ.

ಜೆಲ್ ಬದಲು ಬೇಗ ಗುಣವಾಗುತ್ತದೆಂದು ಯಾರಾದರೂ ಸ್ಟಿರಾಯ್ಡ್ ಬೆರೆತ ಕ್ರೀಮ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಮೊದಲ ವಾರ ನುಣುಪು, ಆಮೇಲೆ ಮೊಡವೆಯ ಸುಗ್ಗಿ.

ಗುಳ್ಳೆಗಳೆಲ್ಲ ಒಂದೇ ಗಾತ್ರದಲ್ಲಿದ್ದು, ಬೆವರಿದಾಗ ತುರಿಸುತ್ತಿದ್ದರೆ ಅದು ಮೊಡವೆಯಲ್ಲ, ಶಿಲೀಂಧ್ರದ ಕಾಟ ಇರಬಹುದು. ಅದಕ್ಕೆ ಈ ಜೆಲ್ ಸಾಲದು. ಕೀಟೊಕೊನಜೋಲ್‌ನಂಥ ಔಷಧ ಬೇಕಾಗುತ್ತದೆ, ಅದನ್ನು ಚರ್ಮದ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ.