ಬ್ಯಾಂಕಿನವರು ಮನೆಗೆ ಇನ್ಶೂರೆನ್ಸ್ ಮಾಡಿಸಿದ್ದಾರೆ ಅಂತ ಸುಮ್ನೆ ಕೂತಿರುವ ಕೊಡಗಿನವರಿಗೆ

ಹೋಂ ಲೋನ್ ಕೊಟ್ಟ ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸಿದ್ದಾರೆ, ವರ್ಷಾ ವರ್ಷಾ ಖಾತೆಯಿಂದ ದುಡ್ಡು ಕಟ್ ಆಗ್ತಾ ಇದೆ, ಇನ್ನು ಮಳೆ ಬಂದರೇನು, ಬರೆ (ಗುಡ್ಡ ಕಡಿದಾಗ ಮನೆ ಹಿಂದೆ ನಿಲ್ಲುವ ಮಣ್ಣಿನ ಗೋಡೆ) ಕುಸಿದರೇನು ಅಂತ ಅಂದುಕೊಂಡವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ. ಇದು ಅವರಿಗೆ. ಬ್ಯಾಂಕಿನ ಹೆಸರು, ಕಂಪನಿ ಹೆಸರು ಹಾಕುವುದಿಲ್ಲ. ಹಾಕಿದರೆ "ಓ, ನಮ್ಮದು ಆ ಕಂಪನಿ ಅಲ್ಲ" ಅಂತ ನೀವು ಮುಂದಕ್ಕೆ ಹೋಗಿಬಿಡುತ್ತೀರಿ. ನನ್ನ ಕ್ಲೈಮ್ ಕೆಡಿಸಿದ ಸಾಲುಗಳು ನಿಮ್ಮ ಪಾಲಿಸಿಯಲ್ಲೂ ಇರಬಹುದು.

ನಮ್ಮ ಮನೆ ಗಾಳಿಬೀಡು ಕಡೆ. ಇಳಿಜಾರು ಜಾಗ. ಮಡಿಕೇರಿ ಸುತ್ತ ಸಮತಟ್ಟು ಜಾಗ ಎಲ್ಲಿದೆ ಹೇಳಿ? ಗುಡ್ಡ ಕಡಿದು ಸೈಟ್ ಮಾಡಬೇಕು, ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ ಮಾಡಬೇಕು. ಹಿಂದೆ ಬರೆ, ಮುಂದೆ ತುಂಬಿಸಿದ ಮಣ್ಣು, ನಡುವೆ ಮನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲ ಕಡೆ ಗುಡ್ಡಕ್ಕೆ ಗುಡ್ಡವೇ ಜಾರಿದಾಗ ನಮ್ಮ ಬರೆಗೆ ಏನೂ ಆಗಲಿಲ್ಲ. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದಾಗಲೂ ಇಲ್ಲ. ಆಮೇಲೆ ಒಂದು ವರ್ಷ ಪುಷ್ಯ ಮಳೆಯಲ್ಲಿ, ಯಾವ ಟಿವಿಯಲ್ಲೂ ಸುದ್ದಿಯಾಗದ ಒಂದು ರಾತ್ರಿ, ಬರೆ ಇಳಿಯಿತು.

ಪುಣ್ಯಕ್ಕೆ ಜನಕ್ಕೆ ಏನೂ ಆಗಲಿಲ್ಲ. ಅಡುಗೆಮನೆಯ ಹಿಂಬಾಗಿಲು ಚೌಕಟ್ಟು ಸಮೇತ ಒಳಗೆ ಬಂದಿತ್ತು. ಫ್ರಿಜ್ ಮಕಾಡೆ ಬಿದ್ದು ಅದರ ಮೇಲೆ ಮಣ್ಣು ಕೂತಿತ್ತು. ಹಿಂದಿನ ಗೋಡೆ ಮೂಲೆಯಿಂದ ಮೂಲೆಗೆ ಬಿರುಕು. ಬರೆ ಮೇಲಿನ ನೀರೆಲ್ಲ ಆ ಬಾಗಿಲಲ್ಲೇ ನುಗ್ಗಿ ಹಾಲ್‌ವರೆಗೆ ನಿಂತಿತ್ತು. ವಾಷಿಂಗ್ ಮಷೀನ್, ಇನ್ವರ್ಟರ್ ಬ್ಯಾಟರಿ, ಮಂಚ, ಮೂಲೆಯಲ್ಲಿ ಇಟ್ಟಿದ್ದ ಕಾಫಿ ಚೀಲ, ಎಲ್ಲ ಹೋಯಿತು.

ಬೆಳಗ್ಗೆ ಫೋಟೋ, ವಿಡಿಯೋ ತೆಗೆದು ಬ್ಯಾಂಕಿಗೆ ಫೋನ್ ಮಾಡಿದೆ. ಪಾಲಿಸಿ ಕಾಪಿ ಕೊಡಿ ಅಂತ ಸಾಲ ತೆಗೆದುಕೊಂಡಾಗಲೂ ಕೇಳಿದ್ದೆ, ಒಂದು ಪುಟದ ಸರ್ಟಿಫಿಕೇಟ್ ಕೈಗೆ ಕೊಟ್ಟು "ಇದೇ ಪಾಲಿಸಿ ಸಾರ್" ಅಂದಿದ್ದರು. ಈಗ ಕಂಪನಿಯಿಂದ ಪೂರ್ತಿ ಕಾಪಿ ತರಿಸಿದರೆ ಒಂದೊಂದೇ ಹೊರಗೆ ಬಂತು. ಮೊದಲನೆಯದು, ವಿಮೆ ಇದ್ದದ್ದು ಕಟ್ಟಡಕ್ಕೆ ಮಾತ್ರ, ಒಳಗಿನ ಸಾಮಾನಿಗೆ ಒಂದು ರೂಪಾಯಿಯೂ ಇಲ್ಲ. ಎರಡನೆಯದು, ಮೊತ್ತ ಇಟ್ಟದ್ದು ಮನೆ ಮತ್ತೆ ಕಟ್ಟಲು ಬೇಕಾಗುವಷ್ಟು ಅಲ್ಲ, ಬಾಕಿ ಇದ್ದ ಸಾಲದಷ್ಟು. ಮೂರನೆಯದನ್ನು ಆಮೇಲೆ ಹೇಳುತ್ತೇನೆ, ಅದು ಇನ್ನೂ ಚೆನ್ನಾಗಿದೆ. ಇನ್ನೊಂದು ವಿಷಯ: ಕೆಲವರಿಗೆ ಲೋನ್ ಜೊತೆ ಮಾಡಿಸಿದ್ದು ಮನೆ ವಿಮೆಯೇ ಆಗಿರುವುದಿಲ್ಲ, ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವ ವಿಮೆ ಆಗಿರುತ್ತದೆ. ದುಡ್ಡು ಕಟ್ ಆಗ್ತಿದೆ ಅನ್ನುವುದು ಮಾತ್ರ ನೋಡಿದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾನಿ ಎಷ್ಟು ಅಂತ ನೋಡಲು ಕಂಪನಿ ಕಡೆಯಿಂದ ಸರ್ವೇಯರ್ ಬಂದರು. ಒಳ್ಳೆಯ ಮನುಷ್ಯ, ಟೇಪ್ ಹಿಡಿದು ಎಲ್ಲ ಅಳೆದರು, ಕಾಫಿ ಕುಡಿದರು. ಹಿಂದೆ ಹೋಗಿ ಬರೆ ನೋಡುತ್ತಾ ಕೇಳಿದರು.

"ಇದು ಯಾವಾಗ ಕಡಿಸಿದ್ದು ಸಾರ್?"

"ಮನೆ ಕಟ್ಟುವಾಗ. ಜೆಸಿಬಿ ತಂದು."

"ತಡೆಗೋಡೆ ಪೂರ್ತಿ ಇಲ್ವಾ?"

"ಅರ್ಧ ಎತ್ತರಕ್ಕೆ ಇದೆ. ಮೇಲೆ ಹಾಗೇ."

ಬರೆದುಕೊಂಡರು. ಅಷ್ಟೇ. ಕೆಲವು ವಾರಗಳ ನಂತರ ಕಂಪನಿಯ ಪತ್ರ ಬಂತು: ಹಾನಿಗೆ ಕಾರಣ ನೆಲ ಅಗೆದದ್ದು, ಆದ್ದರಿಂದ ಕ್ಲೈಮ್ ಕೊಡಲಾಗದು.

ಇಲ್ಲೇ ಎಲ್ಲರೂ ಸ್ವಲ್ಪ ನಿಂತು ಓದಬೇಕು. ಮನೆ ವಿಮೆಯಲ್ಲಿ "ಭೂಕುಸಿತ, ಬಂಡೆ ಕುಸಿತ, ನೆಲ ಕುಸಿಯುವುದು" ಅಂತ ಕವರ್ ಪಟ್ಟಿಯಲ್ಲಿ ದೊಡ್ಡದಾಗಿ ಇರುತ್ತದೆ. ಏಜೆಂಟ್ ಅದನ್ನೇ ಬೆರಳಿಟ್ಟು ತೋರಿಸುತ್ತಾನೆ. ಅದರ ಪಕ್ಕದಲ್ಲಿ ಯಾವುದಕ್ಕೆ ಕೊಡುವುದಿಲ್ಲ ಅನ್ನುವುದೂ ಇರುತ್ತದೆ. ಹೊಸ ಕಟ್ಟಡ ಸಹಜವಾಗಿ ಕೂತು ಬಿರುಕು ಬಿಟ್ಟರೆ ಇಲ್ಲ. ಮಣ್ಣು ತುಂಬಿಸಿ ಮಾಡಿದ ಜಾಗ ಜಗ್ಗಿದರೆ ಇಲ್ಲ. ನದಿ ದಡ ಕೊರೆದು ಹೋದರೆ ಇಲ್ಲ. ಕಟ್ಟಿದ್ದರಲ್ಲಿ, ಡಿಸೈನಿನಲ್ಲಿ, ಕಟ್ಟಲು ಬಳಸಿದ ಸಾಮಗ್ರಿಯಲ್ಲಿ ದೋಷ ಇದ್ದರೆ ಇಲ್ಲ. ಕಟ್ಟಡ ಕೆಡವುವುದು, ಕಟ್ಟುವುದು, ರಿಪೇರಿ, ನೆಲ ಅಗೆಯುವುದು, ಇವುಗಳಿಂದ ಕುಸಿದರೂ ಇಲ್ಲ. ಬಯಲುಸೀಮೆಯವರಿಗೆ ಇದು ಓದಿ ಬಿಡುವ ಸಾಲು. ನಮಗೆ? ಕಡಿದ ಬರೆ ಮತ್ತು ತುಂಬಿಸಿದ ಅಂಗಳ ಎರಡನ್ನೂ ತೆಗೆದರೆ ಕೊಡಗಿನ ಇಳಿಜಾರಿನಲ್ಲಿ ಉಳಿಯುವುದು ಏನು ಸ್ವಾಮಿ? ಇಲ್ಲಿನವರಿಗೆ ಪಾಲಿಸಿ ಮಾರುವಾಗ ಈ ಒಂದು ಪ್ಯಾರಾ ಓದಿ ಹೇಳದಿರುವುದು ನನ್ನ ಪ್ರಕಾರ ಮೋಸವೇ.

ನಾನು ಬಿಡಲಿಲ್ಲ. ಬರೆ ಕಡಿದು ಎಷ್ಟೋ ವರ್ಷ ಆಗಿತ್ತು, 2018ರ ಮಳೆಯನ್ನೇ ತಡೆದುಕೊಂಡಿತ್ತು, ಈಗ ಬಿದ್ದದ್ದು ಮಳೆಗೆ, ಜೆಸಿಬಿಗೆ ಅಲ್ಲ ಅನ್ನುವುದು ನನ್ನ ವಾದ. ಸರ್ವೇ ರಿಪೋರ್ಟಿನ ಕಾಪಿ ಬರವಣಿಗೆಯಲ್ಲಿ ಕೇಳಿ ತರಿಸಿದೆ. ಕೇಳಿದರೆ ಕೊಡಬೇಕು, ಅದು ನಮ್ಮ ಹಕ್ಕು. ಅದರಲ್ಲಿ ಆ ದಿನ ಎಷ್ಟು ಮಳೆ ಬಿತ್ತು ಅನ್ನುವ ಮಾತೇ ಇರಲಿಲ್ಲ. ಆಗ ಕೈ ಹಿಡಿದದ್ದು ಪಕ್ಕದ ತೋಟದ ಅಣ್ಣನ ಮಳೆ ಡೈರಿ. ನಮ್ಮಲ್ಲಿ ತೋಟ ಇರುವವರು ಮಳೆ ಅಳೆದು ಇಂಚಿನಲ್ಲಿ ಬರೆದಿಡುತ್ತಾರಲ್ಲ, ಅಪ್ಪನ ಕಾಲದಿಂದ, ಒಂದು ದಿನ ತಪ್ಪದೆ. ಆ ಪುಟದ ಫೋಟೋ, ಜೊತೆಗೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿಯ ಮಳೆಮಾಪನದ ಲೆಕ್ಕ, ಕಂದಾಯ ಇಲಾಖೆಯವರು ಮಾಡಿದ್ದ ಮಹಜರಿನ ಪ್ರತಿ, ಒಬ್ಬ ಸಿವಿಲ್ ಎಂಜಿನಿಯರ್ ಬರೆದುಕೊಟ್ಟ ಪತ್ರ, ಎಲ್ಲ ಸೇರಿಸಿ ಕಂಪನಿಯ ಗ್ರೀವೆನ್ಸ್ (ದೂರು) ವಿಭಾಗಕ್ಕೆ ಕಳಿಸಿದೆ. ಕೊನೆಗೆ ಅವರು ಅರ್ಧ ದಾರಿಗೆ ಬಂದರು. ಮನೆಯೊಳಗೆ ನೀರು ನಿಂತು ಕೆಟ್ಟ ನೆಲ, ಬಾಗಿಲು, ವೈರಿಂಗ್ ಇದಕ್ಕೆ ಪ್ರವಾಹ ಮತ್ತು ಜಲಾವೃತದ ಲೆಕ್ಕದಲ್ಲಿ ಒಪ್ಪಿದರು. ಹಿಂದಿನ ಗೋಡೆಗೂ ತಡೆಗೋಡೆಗೂ ಇಲ್ಲ. ಮಣ್ಣು ತೆಗೆಸಿದ ಖರ್ಚು ಕೇಳಿದರೆ, ಅವಶೇಷ ತೆಗೆಯಲು ಕ್ಲೈಮ್ ಮೊತ್ತದ 2% ತನಕ ಮಾತ್ರ ಅಂದರು. ಗಂಟೆ ಲೆಕ್ಕದಲ್ಲಿ ಜೆಸಿಬಿ ಕರೆಸಿದವರಿಗೆ ಗೊತ್ತು ಅದು ಎಲ್ಲಿಗೂ ಸಾಲುವುದಿಲ್ಲ ಅಂತ.

ಈಗ ಆ ಮೂರನೆಯ ವಿಷಯ. ಒಪ್ಪಿದ ದುಡ್ಡು ನನ್ನ ಕೈಗೆ ಬರಲಿಲ್ಲ. ಪಾಲಿಸಿಯಲ್ಲಿ ಬ್ಯಾಂಕ್ ಕ್ಲಾಜ್ ಅಂತ ಒಂದು ಷರತ್ತು ಇರುತ್ತದೆ, ಹಣ ಹೋಗುವುದು ಬ್ಯಾಂಕಿಗೆ. ಅವರು ಅದನ್ನು ಸಾಲದ ಖಾತೆಗೆ ಜಮಾ ಮಾಡಿಕೊಂಡರು. ಹಿಂದಿನ ಗೋಡೆಗೆ ಪ್ಲಾಸ್ಟಿಕ್ ಟಾರ್ಪಾಲು ಕಟ್ಟಿಕೊಂಡು ನಾವು ಕೂತಿದ್ದರೆ, "ನಿಮ್ಮ ಅಸಲು ಕಡಿಮೆ ಆಯ್ತಲ್ಲ ಸಾರ್" ಅಂತ ಮ್ಯಾನೇಜರ್ ಸಮಾಧಾನ ಹೇಳಿದರು. ನಿಮ್ಮ ಮನೆಗೂ ಸಾಲ ಇದ್ದರೆ, ಹಾನಿಯಾದ ಕೂಡಲೇ ರಿಪೇರಿಗೆ ಈ ಹಣ ಬಿಡಬೇಕು ಅಂತ ಬ್ಯಾಂಕಿಗೆ ಬರವಣಿಗೆಯಲ್ಲಿ ಅರ್ಜಿ ಹಾಕಿ, ಎಸ್ಟಿಮೇಟ್ ಲಗತ್ತಿಸಿ. ಜಮಾ ಆದ ಮೇಲೆ ಕೇಳಿದರೆ ಗೋಳು.

ಹಾಗಂತ ವಿಮೆಯೇ ಬೇಡ ಅಂತ ಹೇಳುತ್ತಿಲ್ಲ. ನನ್ನ ಭಾವನ ಮನೆ ಕುಶಾಲನಗರದಲ್ಲಿ, ನದಿ ಹತ್ತಿರದ ಬಡಾವಣೆ. ಕಾವೇರಿ ಉಕ್ಕಿದರೆ ಅವರಿಗೆ ನೆಲಮಹಡಿ ಖಾಲಿ ಮಾಡುವುದೇ ಕೆಲಸ. ಅಂಥ ಕಡೆ, ಕರಡಿಗೋಡು, ನೆಲ್ಲಿಹುದಿಕೇರಿಯಂಥ ಕಡೆ ಕೂಡ, ನೀರು ಬಂದು ನಿಂತು ಹೋಗುವ ಹಾನಿಗೆ ಮನೆ ವಿಮೆ ನೇರವಾಗಿ ಕೆಲಸ ಮಾಡುತ್ತದೆ, ತಕರಾರು ಕಡಿಮೆ. ದಡ ಕೊರೆದರೆ ಮಾತ್ರ ಮತ್ತೆ ಆ ಪ್ಯಾರಾ ಎದುರಾಗುತ್ತದೆ.

ಖರ್ಚು ಎಷ್ಟು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಿಜ ಹೇಳಬೇಕೆಂದರೆ ಖರ್ಚು ಜಾಸ್ತಿ ಇಲ್ಲ, ಅದೇ ಹೊಟ್ಟೆ ಉರಿಸುವುದು. 2021ರ ಏಪ್ರಿಲ್ 1ರಿಂದ ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಮನೆಗಳಿಗೆ ಅಂತ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ನಮೂನೆಯ ಪಾಲಿಸಿ ತಂದಿದೆ. ಪ್ರವಾಹ, ಬಿರುಗಾಳಿ, ಭೂಕಂಪ, ಭೂಕುಸಿತ ಎಲ್ಲ ಅದರೊಳಗೇ ಇವೆ. ಹಳೆಯ ಬೆಂಕಿ ವಿಮೆಯಲ್ಲಿ ಪ್ರವಾಹದ ಭಾಗವನ್ನು ತೆಗೆದು ಪ್ರೀಮಿಯಂ ಕಡಿಮೆ ಮಾಡಿ ಕೊಡುವುದಿತ್ತು, ಇದರಲ್ಲಿ ಆ ಆಟ ಇಲ್ಲ. ಮೊತ್ತದ ಲೆಕ್ಕ ಹೀಗೆ: ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆ) ಗುಣಿಸು ಈಗ ಕಟ್ಟಲು ಚದರಡಿಗೆ ಆಗುವ ಖರ್ಚು. 1,200 ಚದರಡಿ ಮನೆ, ಚದರಡಿಗೆ 2,200 ಅಂದರೆ 26.4 ಲಕ್ಷ. ಜಾಗದ ಬೆಲೆ ಸೇರಿಸಬಾರದು, ಜಾಗಕ್ಕೆ ವಿಮೆ ಇಲ್ಲ. ಕಟ್ಟಡ ಮತ್ತು ಸಾಮಾನು ಎರಡನ್ನೂ ಸೇರಿಸಿ ಮಾಡಿಸಿದರೆ ಸಾಮಾನಿಗೆ ಕಟ್ಟಡದ ಮೊತ್ತದ 20% ತಾನಾಗೇ ಸಿಗುತ್ತದೆ, 10 ಲಕ್ಷ ದಾಟದಂತೆ. ಮೇಲಿನ ಲೆಕ್ಕಕ್ಕೆ ಅದು 5.28 ಲಕ್ಷ. ಇಷ್ಟಕ್ಕೆ ನಮಗೆ ಬಂದ ಕೊಟೇಶನ್ ಜಿಎಸ್‌ಟಿ ಸೇರಿ ವರ್ಷಕ್ಕೆ ಒಂದೆರಡು ಸಾವಿರದ ಆಸುಪಾಸು. ಬೇರೆ ಬೇರೆ ಕಂಪನಿಯ ದರ ಬೇರೆ, ಎರಡು ಮೂರು ಕಡೆ ಕೇಳಿ. ಬ್ಯಾಂಕಿನವರದ್ದೇ ತೆಗೆದುಕೊಳ್ಳಬೇಕು ಅಂತ ಇಲ್ಲ.

ತಡೆಗೋಡೆ, ಕಾಂಪೌಂಡ್, ನೀರಿನ ಟ್ಯಾಂಕ್, ಸೋಲಾರ್ ಇವನ್ನೂ ಸೇರಿಸಬಹುದು, ಆದರೆ ಅವುಗಳ ಮೊತ್ತವನ್ನು ನೀವೇ ಬೇರೆಯಾಗಿ ಹೇಳಿ ಬರೆಸಬೇಕು. ಚದರಡಿ ಲೆಕ್ಕದಲ್ಲಿ ಅವು ಬರುವುದಿಲ್ಲ. ನಮ್ಮಲ್ಲಿ ಮನೆಗಿಂತ ತಡೆಗೋಡೆಗೇ ಜಾಸ್ತಿ ಸುರಿದವರಿದ್ದಾರೆ, ಅವರು ಗಮನಿಸಿ. ಪತ್ತಾಕ್, ಜೋಮಾಲೆ ಅಂತ ಹಳೆ ಚಿನ್ನ ಮನೆಯಲ್ಲಿ ಇಟ್ಟವರೂ ಅದನ್ನು ಬೇರೆಯಾಗಿ ಸೇರಿಸಬೇಕು, ಸಾಮಾನಿನ 20%ರಲ್ಲಿ ಅದು ಬರುವುದಿಲ್ಲ. ಕಾಫಿ ಚೀಲ, ಕರಿಮೆಣಸು ಮನೆ ಸಾಮಾನು ಅಲ್ಲ, ನನ್ನ ಚೀಲಗಳಿಗೆ ನಕ್ಕು ಕಳಿಸಿದರು. ಕಾರಿಗೆ ಅದರದ್ದೇ ವಿಮೆ ಬೇಕು. ಮೇಲೆ ಹೊಸದಾಗಿ ರೂಮ್ ಎಳೆದು ಕಾರ್ಪೆಟ್ ಏರಿಯಾ 10%ಗಿಂತ ಜಾಸ್ತಿ ಆಯಿತಾ, ಕಂಪನಿಗೆ ತಿಳಿಸಿ. ಹೋಂಸ್ಟೇ ನಡೆಸುವವರು ಅದನ್ನು ಪ್ರಪೋಸಲ್ ಫಾರಂನಲ್ಲೇ ಬರೆಸಿ, ವಾಸದ ಮನೆ ಅಂತ ಮಾತ್ರ ಬರೆದು ಗೆಸ್ಟ್ ಇಟ್ಟುಕೊಂಡರೆ ಅವರಿಗೆ ತಕರಾರು ತೆಗೆಯಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ಜಮ್ಮಾ ಜಾಗದಲ್ಲಿ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ) ಮನೆ ಇದ್ದು ಆರ್‌ಟಿಸಿಯಲ್ಲಿ ಇನ್ನೂ ಕುಟುಂಬದ ಹಿರಿಯ, ಪಟ್ಟೇದಾರ ಅಜ್ಜನ ಹೆಸರೇ ಇದ್ದರೆ, ಪಾಲಿಸಿ ಯಾರ ಹೆಸರಲ್ಲಿ, ಅವರಿಗೆ ಮನೆ ಮೇಲೆ ಏನು ಹಕ್ಕು ಅನ್ನುವುದಕ್ಕೆ ಒಂದು ಕಾಗದ ಈಗಲೇ ಸರಿಮಾಡಿಟ್ಟುಕೊಳ್ಳಿ.

ಸರಕಾರದ ಪರಿಹಾರ ಇದೆಯಲ್ಲ ಅನ್ನುವವರಿಗೆ: ವಿಪತ್ತು ನಿಧಿಯ 2022-23ರಿಂದ 2025-26ರವರೆಗಿನ ಕೇಂದ್ರದ ನಿಯಮದಲ್ಲಿ ಪೂರ್ತಿ ಹೋದ ಪಕ್ಕಾ ಮನೆಗೆ ಗುಡ್ಡಗಾಡಿನಲ್ಲಿ 1.30 ಲಕ್ಷ ಇತ್ತು. ರಾಜ್ಯ ಸರಕಾರ ಮೇಲೆ ಸೇರಿಸಿ ಕೊಟ್ಟದ್ದುಂಟು, 2019ರಲ್ಲಿ 5 ಲಕ್ಷ ಅಂದಿದ್ದರು, ಆದರೆ ಅದು ಆ ವರ್ಷದ ಸರಕಾರದ ಮನಸ್ಸು.

ಪಾಲಿಸಿ ಮಾಡಿಸುವಾಗ ನಾನೀಗ ಮಾಡುವುದು ಇಷ್ಟು. ಬರೆಯ ಫೋಟೋ, ಅಂಗಳದ ಫೋಟೋ ಇಮೇಲ್‌ಗೆ ಹಾಕಿ, "ಈ ಮನೆ ಹೀಗಿದೆ, ಮಳೆಗೆ ಈ ಬರೆ ಕುಸಿದು ಹಾನಿಯಾದರೆ ಕವರ್ ಇದೆಯಾ, ಇಲ್ಲವಾ" ಅಂತ ಕಂಪನಿಗೆ ನೇರ ಕೇಳುವುದು. ಏಜೆಂಟ್ "ಅಣ್ಣ, ಎಲ್ಲ ಬರ್ತದೆ" ಅಂದರೆ ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಪ್ಪ ಅನ್ನುವುದು. ಒಬ್ಬ ಏಜೆಂಟ್ ಅಲ್ಲಿಂದ ಮುಂದೆ ಫೋನೇ ಎತ್ತಲಿಲ್ಲ. ಇನ್ನೊಂದು ಕಂಪನಿ ತಡೆಗೋಡೆ ಪೂರ್ತಿ ಮಾಡಿಸಿ, ಎಂಜಿನಿಯರ್ ಸರ್ಟಿಫಿಕೇಟ್ ಕೊಡಿ, ಆಮೇಲೆ ನೋಡುತ್ತೇವೆ ಅಂತು. ಕನಿಷ್ಠ ಅದು ಪ್ರಾಮಾಣಿಕ ಉತ್ತರ.

ಕ್ಲೈಮ್ ತಿರಸ್ಕಾರ ಆದವರು ಸುಮ್ಮನಾಗಬೇಡಿ. ಮೊದಲು ಕಂಪನಿಗೆ ಲಿಖಿತ ದೂರು. ಐಆರ್‌ಡಿಎಐನ ಬಿಮಾ ಭರೋಸಾ ಅನ್ನುವ ದೂರಿನ ವೆಬ್‌ಸೈಟಿನಲ್ಲೂ ಹಾಕಬಹುದು, 155255ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ಇಂಥ ತಕರಾರು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದ ಒಳಗೆ ಹೋಗಬಹುದು. 50 ಲಕ್ಷದವರೆಗಿನ ತಕರಾರು ಅವರು ನೋಡುತ್ತಾರೆ, ಶುಲ್ಕ ಇಲ್ಲ, ವಕೀಲರೂ ಬೇಡ. ನನ್ನ ಗೋಡೆಯ ಫೈಲ್ ಈಗ ಅಲ್ಲಿದೆ.