ಶೋಪೆನ್ ಸ್ಪರ್ಧೆಯೋ, ಕ್ಲೈಬರ್ನ್ ಸ್ಪರ್ಧೆಯೋ?

ಕಾಸರಗೋಡಿನಲ್ಲಿ ಕೀಬೋರ್ಡ್ ಕಲಿಯುತ್ತಿರುವ ಮಕ್ಕಳಿಗೆ ಯಾವ ಪಿಯಾನೋ ಸ್ಪರ್ಧೆ ತೋರಿಸಲಿ ಎಂದು ಕೇಳಿದರೆ, ಮೊದಲು ಪೋಲೆಂಡಿನ ವಾರ್ಸಾದಲ್ಲಿ ಆ ದೇಶದ ಸಂಗೀತ ರಚನಕಾರ ಶೋಪೆನ್ ಹೆಸರಿನಲ್ಲಿ ನಡೆಯುವ ಸ್ಪರ್ಧೆಯನ್ನೇ ಎನ್ನುತ್ತೇನೆ. 1927ರಲ್ಲಿ ಶುರುವಾದದ್ದು, ಈಗ ಐದು ವರ್ಷಕ್ಕೊಮ್ಮೆ. ಎಲ್ಲರೂ ಶೋಪೆನ್ ಕೃತಿಗಳನ್ನೇ ನುಡಿಸಬೇಕು. ಒಂದೇ ಬಲ್ಲಾಡನ್ನು (ಕಥೆ ಹೇಳುವ ಧಾಟಿಯ ಪಿಯಾನೋ ಕೃತಿ) ಒಬ್ಬರು ನಿಧಾನಿಸಿ, ಇನ್ನೊಬ್ಬರು ಒಂದೇ ಉಸಿರಿಗೆ ನುಡಿಸುವುದನ್ನು ಕೇಳುತ್ತಾ ಹೋದರೆ ಕಿವಿ ತಾನಾಗಿ ಪಳಗುತ್ತದೆ. ಇಬ್ಬರು ವಿದ್ವಾಂಸರ ತೋಡಿ ಕೇಳಿದ ಹಾಗೆ. ಸ್ಪರ್ಧೆ ನಡೆಯುವ ಅಕ್ಟೋಬರಿನಲ್ಲಿ ಅಲ್ಲಿ ಸಂಜೆ ಐದಾದರೆ ನಮಗೆ ರಾತ್ರಿ ಎಂಟೂವರೆ. ಮನೆಮಂದಿಯೆಲ್ಲ ಕೂತು ನೋಡಬಹುದು.

ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ 1962ರಿಂದ ನಡೆಯುವ ವ್ಯಾನ್ ಕ್ಲೈಬರ್ನ್ ಸ್ಪರ್ಧೆಯಲ್ಲಿ ಹಲವು ಸಂಗೀತಕಾರರ ಕೃತಿಗಳಿರುತ್ತವೆ. ವೈವಿಧ್ಯ ಬೇಕೆನ್ನುವವರಿಗೆ ಇದು. ಆದರೆ ಅಲ್ಲಿನ ಸಂಜೆಯ ಸುತ್ತು ನಮಗೆ ಬೆಳಗಿನ ಜಾವ, ಅದೂ ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತು. ಒಂದನ್ನು ಮಾತ್ರ ತಪ್ಪಿಸಬೇಡಿ: 2022ರಲ್ಲಿ 18ರ ಹರೆಯದ ಯುನ್‌ಚಾನ್ ಲಿಮ್ ನುಡಿಸಿದ ರಖ್ಮಾನಿನೋವ್‌ರ ಮೂರನೇ ಕಂಚೆರ್ಟೊ (ವಾದ್ಯವೃಂದದೊಡನೆ ನುಡಿಸುವ ಪಿಯಾನೋ ಕೃತಿ), ಯೂಟ್ಯೂಬ್‌ನಲ್ಲಿದೆ.