ಫ್ಯಾಮಿಲಿಸರ್ಚ್ ಡಿಜಿಟಲ್ ಲೈಬ್ರರಿ: ಯಾರೋ ಬರೆದಿಟ್ಟ ವಂಶಚರಿತ್ರೆ ನಂಬಬಹುದೇ?

ಕೆಲಸದಲ್ಲಿದ್ದಷ್ಟು ಕಾಲವೂ ಆಡಿಟ್ ಮಾಡಿದವಳು ನಾನು. ವೋಚರ್ ಇಲ್ಲದ ಖರ್ಚು ಕಂಡರೆ ಈಗಲೂ ಹುಬ್ಬು ಗಂಟಿಕ್ಕುತ್ತದೆ. ವಂಶಾವಳಿ ಹುಡುಕುವ ಗೀಳು ಹತ್ತಿದ ಮೇಲೆ ಈ ಕೆಟ್ಟ ಅಭ್ಯಾಸ ತುಂಬಾ ಉಪಯೋಗಕ್ಕೆ ಬಂತು.

ಫ್ಯಾಮಿಲಿಸರ್ಚ್ ಎಂಬುದು ವಂಶಾವಳಿ ಹುಡುಕುವವರ ಜಾಲತಾಣ. ಪೂರ್ತಿ ಉಚಿತ, ಖಾತೆ ತೆರೆದರೆ ಆಯಿತು. ನಡೆಸುವುದು ಅಮೆರಿಕದ ಮಾರ್ಮನ್ ಚರ್ಚ್; ಫ್ಯಾಮಿಲಿಸರ್ಚ್‌ನ ಮೂಲ ಸಂಸ್ಥೆ ಹುಟ್ಟಿದ್ದು 1894ರಲ್ಲಿ. 1938ರಿಂದಲೇ ಹಳೆಯ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತಾ ಬಂದವರು. ಡಿಜಿಟಲ್ ಲೈಬ್ರರಿಯಲ್ಲಿ ಸ್ಕ್ಯಾನ್ ಮಾಡಿದ ಕುಟುಂಬ ಚರಿತ್ರೆಗಳು ಲಕ್ಷಗಟ್ಟಲೆ ಇವೆ, ಪುಟಗಳ ಒಳಗಿನ ಹೆಸರನ್ನೂ ಹುಡುಕಬಹುದು. ಅಕ್ಷರ ಸವೆದುಹೋದ ಸಮಾಧಿ ಕಲ್ಲು, ಕಳೆದುಹೋದ ಪತ್ರ ಇವೆಲ್ಲ ಎಷ್ಟೋ ಸಲ ಇಂಥ ಪುಸ್ತಕದಲ್ಲಿ ಮಾತ್ರ ಉಳಿದಿರುತ್ತವೆ.

ಆದರೆ ನಾನು ಮೊದಲು ತೆರೆಯುವುದು ವಂಶವೃಕ್ಷದ ಪುಟವನ್ನಲ್ಲ, ಮುನ್ನುಡಿಯನ್ನು. ಮಾಹಿತಿ ದಾಖಲೆಯಿಂದ ಬಂತೋ ಬಂಧುಗಳ ನೆನಪಿನಿಂದ ಬಂತೋ ಎಂಬ ಗುಟ್ಟು ಅಲ್ಲೇ ಬಯಲಾಗುತ್ತದೆ. ಅಡಿಟಿಪ್ಪಣಿ ಇದ್ದರೂ ಮೈಮರೆಯುವಂತಿಲ್ಲ. ಗುಸ್ತಾವ್ ಆಂಜೂ (1863–1942) ಎಂಬ ಖದೀಮ ಅಮೆರಿಕದ ಶ್ರೀಮಂತರಿಗೆ ಘನವಾದ ವಂಶಾವಳಿ ಬರೆದುಕೊಡುತ್ತಿದ್ದ. ಉಲ್ಲೇಖಿಸಿದ ಬಹುಪಾಲು ದಾಖಲೆ ನಿಜವಾದವೇ! ಎರಡು ಮನೆತನಗಳನ್ನು ಬೆಸೆಯುವ ಜಾಗದಲ್ಲಿ ಮಾತ್ರ ಒಂದು ಕಟ್ಟುಕಥೆ. ಆಡಿಟ್‌ನಲ್ಲೂ ಹೀಗೇ, ಕಳ್ಳ ಲೆಕ್ಕ ಅಚ್ಚುಕಟ್ಟಾದ ಫೈಲಿನ ನಡುವೆಯೇ ಕೂತಿರುತ್ತದೆ.

ಎಲ್ಲರೂ ಮೋಸಗಾರರೆಂದಲ್ಲ. ನಾನು ನೋಡಿದ ಒಂದು ಪುಸ್ತಕದಲ್ಲಿ ಅಜ್ಜ, ಮೊಮ್ಮಗ ಇಬ್ಬರದೂ ಒಂದೇ ಹೆಸರು. ಲೇಖಕರು ಇಬ್ಬರನ್ನೂ ಒಬ್ಬರನ್ನಾಗಿ ಮಾಡಿಬಿಟ್ಟಿದ್ದರು. ಆ ಲೆಕ್ಕದಲ್ಲಿ ಹೆಂಡತಿ ಅರವತ್ತು ದಾಟಿದ ಮೇಲೆ ಹೆರಬೇಕು! ಇಸವಿಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡಾಗ ಎದ್ದು ಕಂಡಿತು. ಇದೇ ಜಾಲತಾಣದಲ್ಲಿದ್ದ ಚರ್ಚಿನ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರ್ ಚಿತ್ರ ತೆರೆದೆ, ಅಜ್ಜ ಬೇರೆಯಾದ, ಮೊಮ್ಮಗ ಬೇರೆಯಾದ. ಪುಸ್ತಕ, ಮೂಲ ದಾಖಲೆ ಎರಡೂ ಒಂದೇ ಕಡೆ ಸಿಗುವ ಈ ಸೌಲಭ್ಯಕ್ಕೇ ನನ್ನ ಐದರಲ್ಲಿ ನಾಲ್ಕು ಅಂಕ.

ಎಲ್ಲರೂ ತಿದ್ದಬಹುದಾದ ಸಾಮೂಹಿಕ ವಂಶವೃಕ್ಷವೂ ಅಲ್ಲಿದೆ. ಒಂದೇ ಮಾಹಿತಿ ಅಲ್ಲೂ ಬೇರೆ ತಾಣಗಳಲ್ಲೂ ಕಂಡರೆ ಸಾಕ್ಷಿ ಬಲವಾಯಿತೆಂದು ಹಿಗ್ಗಬೇಡಿ. ಎಲ್ಲರೂ ನಕಲು ಮಾಡಿದ್ದು ಒಂದೇ ಪುಸ್ತಕದಿಂದ ಇರಬಹುದು.

ಒಂದು ಅಂಕ ಕಳೆದಿದ್ದೇಕೆ? ಹಕ್ಕುಸ್ವಾಮ್ಯದ ಕಾರಣ ಕೆಲವು ಪುಸ್ತಕಗಳು ಮನೆಯಿಂದ ತೆರೆಯುವುದಿಲ್ಲ, ಫ್ಯಾಮಿಲಿಸರ್ಚ್ ಕೇಂದ್ರಗಳಿಗೇ ಹೋಗಬೇಕು. ಹಳೆಯ ಅಚ್ಚನ್ನು ಯಂತ್ರ ತಪ್ಪಾಗಿ ಓದುವುದೂ ಉಂಟು. ಹೆಸರು ಸಿಗದಿದ್ದರೆ ಕಾಗುಣಿತ ಬದಲಿಸಿ ಇನ್ನೊಮ್ಮೆ ಹುಡುಕಿ.